ಉಳಿದವು ಬರೀ ಕಲ್ಲು

ಒರತೆಗೆ ಹೋಗುವ ದಾರಿಯಲ್ಲಿ ಈಗ ಗೇಟು ಇದೆ. ಗೇಟಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಉದ್ದನೆಯ ರಿಜಿಸ್ಟರ್. ಹೆಸರು, ಮನೆ ನಂಬರ್, ಬಂದ ಹೊತ್ತು, ಬಂದ ಉದ್ದೇಶ ಬರೆದು ಸಹಿ ಹಾಕಬೇಕು. ನನ್ನ ಅಮ್ಮನ ಮನೆಯ ಹಿತ್ತಲಿನಿಂದ ಕೂಗಳತೆಯಲ್ಲಿದ್ದ ನೀರು ಅದು. ಅದನ್ನು ನೋಡಲು ಉದ್ದೇಶ ಬರೆಯಬೇಕು ಎಂದರೆ ಬೇರೆ ದಿನವಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಜಗಳ ನನಗೆ ಸುಲಭವಾಗಿ ಬರುತ್ತದೆ. ಆ ದಿನ ಬರಲಿಲ್ಲ. ನನ್ನ ಹಿಂದೆ ಅಜ್ಜಿ ಮಂಡಿ ಹಿಡಿದುಕೊಂಡು ನಿಂತಿದ್ದಳು. ಅವಳ ಮಡಿಲಲ್ಲಿ ಹಳೆಯ ಬಟ್ಟೆ ಸುತ್ತಿದ ಒಂದು ಕಲ್ಲಿತ್ತು. ಉದ್ದೇಶದ ಜಾಗದಲ್ಲಿ ನಾನು ‘ವಾಕಿಂಗ್’ ಎಂದು ಬರೆದೆ.

ನಮ್ಮೂರು ಪಟ್ಟಂದೂರು ಅಗ್ರಹಾರದಿಂದ ಸ್ವಲ್ಪ ಆಚೆ. ಊರು ಎಂದು ಈಗ ನಾವಷ್ಟೇ ಹೇಳುತ್ತೇವೆ. ಆಟೋದವರಿಗೆ ಟೆಕ್ ಪಾರ್ಕಿನ ಹಿಂದಿನ ಗೇಟು ಎಂದರೇ ಗೊತ್ತಾಗುವುದು. ಊರಿನ ಪೂರ್ವಕ್ಕೆ ತಗ್ಗಿನಲ್ಲಿ ಒಂದು ಜೌಗು, ಅದರ ತಲೆಯ ಕಡೆ ಒರತೆ. ನೆಲದೊಳಗಿನಿಂದ ನೀರು ತಾನಾಗಿ ಬರುತ್ತದೆ. ತಳದ ಬಿಳಿ ಮರಳು ಸಣ್ಣ ಉರಿಯಲ್ಲಿ ಅಂಬಲಿ ಕುದಿಯುವ ಹಾಗೆ ಸದ್ದಿಲ್ಲದೆ ಏಳುತ್ತಾ ಬೀಳುತ್ತಾ ಇರುತ್ತದೆ. ಸುತ್ತ ಜೊಂಡು, ಅದರ ಬುಡದಲ್ಲಿ ಒಂದೆಲಗ, ಹೊನಗೊನ್ನೆ ಸೊಪ್ಪು. ಸುತ್ತಲಿನ ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಟ್ಟಾಗಲೂ ಒರತೆ ನಿಂತದ್ದನ್ನು ನಮ್ಮೂರಿನಲ್ಲಿ ಯಾರೂ ನೋಡಿಲ್ಲ.

ಒರತೆಯ ದಂಡೆಯಲ್ಲಿ ಅಕ್ಕಯ್ಯಮ್ಮಂದಿರು ಇದ್ದಾರೆ. ಏಳು ಜನ ಅಕ್ಕತಂಗಿಯರು, ನೀರು ಕಾಯುವ ದೇವತೆಗಳು. ಗುಡಿ ಇಲ್ಲ, ಪೂಜಾರಿ ಇಲ್ಲ, ಕಣ್ಣು ಮೂಗು ಕೆತ್ತಿದ ವಿಗ್ರಹವೂ ಇಲ್ಲ. ನೆಟ್ಟ ಕಲ್ಲುಗಳು, ಮೇಲೆ ಅರಿಶಿನ ಕುಂಕುಮ, ಅಷ್ಟೇ. ಹೆರಿಗೆಯಾದ ಹೆಂಗಸು ಮೂರು ತಿಂಗಳು ನೀರಿನ ಬಿಂದಿಗೆ ಮುಟ್ಟುವಂತಿಲ್ಲ. ಮೂರನೇ ತಿಂಗಳು ತುಂಬಿದ ಮೇಲೆ ಮಗುವನ್ನು ಎತ್ತಿಕೊಂಡು, ತಂಬಿಟ್ಟು ಮಾಡಿಕೊಂಡು, ನಾಲ್ಕು ಮುತ್ತೈದೆಯರ ಜೊತೆ ಒರತೆಗೆ ಬಂದು ಗಂಗೆ ಪೂಜೆ ಮಾಡುತ್ತಾಳೆ. ಹೊಸ ಬಿಂದಿಗೆಯಲ್ಲಿ ನೀರು ತುಂಬಿಕೊಂಡು ಹೋಗುತ್ತಾಳೆ. ಆಮೇಲೆ ಅವಳು ಮನೆಯಲ್ಲಿ ಎಲ್ಲರಂತೆ ಒಬ್ಬಳು. ನಾನು ಚಿಕ್ಕವಳಿದ್ದಾಗ ಇಂಥ ಪೂಜೆಗಳಿಗೆ ತಂಬಿಟ್ಟಿನ ಆಸೆಗೆ ಕರೆಯದೆಯೂ ಹೋಗುತ್ತಿದ್ದೆ.

ನನ್ನ ಮಗು ಎಂಟನೇ ತಿಂಗಳಲ್ಲಿ ಹೊಟ್ಟೆಯೊಳಗೇ ತೀರಿಹೋಯಿತು. ಹೆಣ್ಣು ಮಗು. ಹೆರಿಗೆಯನ್ನಂತೂ ಮಾಡಿಸಲೇಬೇಕಿತ್ತು, ಮಾಡಿಸಿದರು. ನರ್ಸ್ ಬಂದು, ‘ನೋಡ್ತೀರಾ ಮೇಡಂ?’ ಎಂದು ಕೇಳಿದರು. ನಾನು ‘ಆಮೇಲೆ’ ಅಂದೆ. ಯಾಕೆ ಹಾಗಂದೆ ಎಂದು ಇವತ್ತಿಗೂ ಗೊತ್ತಿಲ್ಲ. ಟೀ ಬೇಕಾ ಎಂದು ಕೇಳಿದವರಿಗೆ ಆಮೇಲೆ ಅಂದಂತೆ ಅಂದಿದ್ದೆ. ಆ ಆಮೇಲೆ ಬರಲಿಲ್ಲ. ನನ್ನ ಗಂಡ, ಅವರ ಅಣ್ಣ ಇಬ್ಬರೂ ಸೇರಿ ಎಲ್ಲೋ ಮಣ್ಣು ಮಾಡಿ ಬಂದರು. ಎಲ್ಲಿ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಮನೆಗೆ ಬಂದ ಮೂರನೇ ದಿನ ಎದೆಯಲ್ಲಿ ಹಾಲು ಬಂತು. ಅಮ್ಮ ಮಲ್ಲಿಗೆ ಹೂವನ್ನು ಬಟ್ಟೆಯಲ್ಲಿ ಹಾಕಿ ಎದೆಗೆ ಬಿಗಿಯಾಗಿ ಕಟ್ಟಿದಳು, ಹಾಲು ಬತ್ತಲಿ ಎಂದು. ಮೈಯೆಲ್ಲಾ ಮದುವೆ ಮನೆಯ ವಾಸನೆ. ಅಮ್ಮ ಅಳುತ್ತಾ ಕಟ್ಟಿದಳು, ನಾನು ಫ್ಯಾನು ನೋಡುತ್ತಾ ಕಟ್ಟಿಸಿಕೊಂಡೆ. ದುಃಖ ಆಯಿತೇ ಎಂದು ಕೇಳಿದರೆ, ಇಲ್ಲ. ದುಃಖ ಎಂದು ನಾನು ತಿಳಿದುಕೊಂಡಿದ್ದ ಯಾವುದೂ ಆಗಲಿಲ್ಲ. ಹಲ್ಲು ಕೀಳಿಸುವಾಗ ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇರುತ್ತದಲ್ಲ, ಕಚ್ಚಿದರೂ ಗೊತ್ತಾಗುವುದಿಲ್ಲ, ಹಾಗಿದ್ದೆ. ಎರಡು ತಿಂಗಳಿಗೆ ಆಫೀಸಿಗೆ ಹೋಗತೊಡಗಿದೆ. ನನ್ನ ಮೇಜಿನ ಮೇಲೆ ಯಾರೋ ಒಂದು ಹಸಿರು ಗಿಡ ಇಟ್ಟಿದ್ದರು. ಯಾರೂ ಏನೂ ಕೇಳಲಿಲ್ಲ. ಕ್ಯಾಂಟೀನಿನಲ್ಲಿ ನಾನು ಕೂತ ಟೇಬಲ್ಲಿನಲ್ಲಿ ಮಕ್ಕಳ ಮಾತು ನಿಂತುಹೋಗುತ್ತಿತ್ತು. ಪಾಪ, ಅವರಾದರೂ ಏನು ಮಾಡುತ್ತಾರೆ.

ಮನೆಯಲ್ಲಿ ಮಾತ್ರ ಒಂದು ಅಡ್ಡಿ ಇತ್ತು. ನಾನು ಇನ್ನೂ ಅಮ್ಮನ ಮನೆಯಲ್ಲೇ ಇದ್ದೆ. ನೀರಿನ ಕ್ಯಾನ್ ಎತ್ತಲು ಹೋದರೆ ಅಮ್ಮ ಓಡಿ ಬಂದು ಕಸಿದುಕೊಳ್ಳುತ್ತಿದ್ದಳು. ಅಡುಗೆಮನೆಯ ನಲ್ಲಿ ತಿರುಗಿಸಿದರೆ ಮುಖ ನೋಡುತ್ತಿದ್ದಳು. ಗಂಗೆ ಪೂಜೆ ಆಗಿಲ್ಲ. ಮಗುವಿಲ್ಲದೆ ಗಂಗೆ ಪೂಜೆ ಮಾಡುವುದು ಹೇಗೆ ಎಂಬುದು ಅಮ್ಮನಿಗೆ ತಿಳಿದಿರಲಿಲ್ಲ. ಅವಳು ಹೆತ್ತ ಮೂರೂ ಬದುಕಿದವು. ಹೀಗಾಗಿ ನಾನು ಬಾಣಂತಿಯೂ ಅಲ್ಲ, ಬಾಣಂತಿ ಅಲ್ಲದವಳೂ ಅಲ್ಲ. ಒಂದು ಲೋಟ ನೀರನ್ನೂ ಕೇಳಿ ಈಸಿಕೊಂಡು ಕುಡಿಯುತ್ತಿದ್ದೆ. ಆಫೀಸಿನಲ್ಲಿ ಮಾತ್ರ ನನ್ನಿಷ್ಟದಂತೆ ಬಾಟಲಿ ತುಂಬಿಸಿಕೊಳ್ಳುತ್ತಿದ್ದೆ. ಅಲ್ಲಿನ ನೀರಿಗೆ ನಮ್ಮ ಅಕ್ಕಯ್ಯಮ್ಮಂದಿರು ಬರುವುದಿಲ್ಲ ಎಂದುಕೊಂಡಿದ್ದೆನೋ ಏನೋ.

ಮೂರು ತಿಂಗಳು ತುಂಬಿದ ಭಾನುವಾರ ಬೆಳಿಗ್ಗೆ ಅಮ್ಮ ಸೊಪ್ಪಿನ ಗಾಡಿಯ ಹತ್ತಿರ ಹೋಗಿದ್ದಾಗ, ಅಜ್ಜಿ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು. ಅಜ್ಜಿ ಎಂದರೆ ಅಮ್ಮನ ಅಮ್ಮ. ಮಂಡಿ ನೋವು, ಒಂದು ಕಣ್ಣಿಗೆ ಪೊರೆ, ಬಾಯಲ್ಲಿ ಎರಡೇ ಹಲ್ಲು, ಆದರೆ ಮಾತಿಗೆ ಕೊರತೆ ಇಲ್ಲ.

‘ಸಂದ್ಯಾಗೆ ವರತೆ ತಾವ್ಕೆ ಓಗಾನ. ನಿಮ್ಮಮ್ಮುಂಗೆ ಯೋಳ್ಬೇಡ,’ ಅಂದಳು.

‘ಯಾಕಜ್ಜಿ? ಮಗು ಇಲ್ವಲ್ಲ, ಯಾವ ಪೂಜೆ?’

‘ಇರೋರ್ಗೆ ಒಂದು ತರ, ಇಲ್ದೋರ್ಗೆ ಒಂದು ತರ. ಎಲ್ಡಕ್ಕೂ ದಾರಿ ಐತೆ.’

ಆಮೇಲೆ ಹೇಳಿದಳು. ಮಗು ಉಳಿಯದಿದ್ದರೆ, ಮೂರು ತಿಂಗಳಿಗೆ ಒಂದು ಕಲ್ಲನ್ನು ಮಗುವಿಗೆಂದು ತೆಗೆದಿಟ್ಟ ಹಳೆಯ ಬಟ್ಟೆಯಲ್ಲಿ ಸುತ್ತಿ ತಾಯಿ ಒರತೆಗೆ ಒಯ್ಯಬೇಕು. ಅಂಥ ಕಲ್ಲನ್ನು ಆಗಲೇ ಇಟ್ಟಿರುವ ಒಬ್ಬ ಹಿರಿಯಳು ಜೊತೆಗಿರಬೇಕು. ಅವಳು ಆ ಕಲ್ಲಿಗೆ ನೀರು ಹಾಕಿ, ಅರಿಶಿನ ಹಚ್ಚಿ, ಒರೆಸಿ ಕೊಡಬೇಕು. ತಾಯಿ ಅದನ್ನು ಅಕ್ಕಯ್ಯಮ್ಮಂದಿರ ಪಕ್ಕ ಇಡಬೇಕು. ಆಮೇಲೆ ಸಾಕುವುದು ಅವರ ಪಾಲಿಗೆ. ತಾಯಿ ಒರತೆಯ ನೀರು ಮುಟ್ಟಿ ಮನೆಗೆ ಬರಬಹುದು. ಗಂಡಸರಿಗೆ ಇದು ಗೊತ್ತಿಲ್ಲ. ಮಕ್ಕಳು ಉಳಿದ ಹೆಂಗಸರಿಗೂ ಗೊತ್ತಿಲ್ಲ. ಹೇಳಿದರೆ ಅವರ ಮಡಿಲಿಗೂ ಬಂದೀತು ಎಂಬ ಹೆದರಿಕೆ. ಗೊತ್ತಾಗಬೇಕಾದವಳಿಗೆ ಗೊತ್ತಾಗಬೇಕಾದ ದಿನ ಯಾರಾದರೂ ಬಾಗಿಲು ಹಾಕಿಕೊಂಡು ಹೇಳುತ್ತಿದ್ದರು.

‘ನಂದೂ ಅಲ್ಲೇ ಐತೆ,’ ಅಂದಳು ಅಜ್ಜಿ. ‘ನಿಮ್ಮಮ್ಮುನ್ಗಿಂತ ಮುಂಚಿಂದು. ಎಬ್ಬೆಟ್ಟು ಕೂರೋವಷ್ಟು ಒಂದು ಗುಳಿ ಐತೆ ಅದ್ರಾಗೆ. ಅದ್ರ ಪಕ್ಕದಾಗೇ ನಿಂದು ಇಡಾನ. ಒಂದ್ಕೊಂದು ಜೊತೆಯಾಗ್ತದೆ.’

ಅಕ್ಕಿ ಡಬ್ಬದ ಹಿಂದಿನಿಂದ ಕಲ್ಲು ತೆಗೆದಳು. ಅಂಗೈಯಗಲ, ಉದ್ದುದ್ದ, ನುಣುಪು. ನಾನು ಆಸ್ಪತ್ರೆಯಿಂದ ಬಂದ ದಿನವೇ ಹಿತ್ತಲಿನ ಮುಚ್ಚಿದ ಬಾವಿಯ ಹತ್ತಿರ ಹುಡುಕಿ ಇಟ್ಟಿದ್ದಳಂತೆ. ಮೂರು ತಿಂಗಳು ದಿನಾ ಅಕ್ಕಿ ತೆಗೆಯುವಾಗ ನೋಡುತ್ತಿದ್ದಳಂತೆ.

ನನಗೆ ಆಗ ಅಳು ಬರಬೇಕಿತ್ತು. ಬಂದದ್ದು ಹೆದರಿಕೆ. ಯಾಕೆಂದರೆ ಆ ದಂಡೆಯಲ್ಲಿ ಈಗ ಎಷ್ಟು ಕಲ್ಲುಗಳಿವೆ ಎಂದು ನನಗೆ ಗೊತ್ತಿತ್ತು. ಏಳು. ಏಳೇ ಆಗಲು ಕಾರಣ ನಾನೇ.

ಚಿಕ್ಕವಳಿದ್ದಾಗ ಆ ಕಲ್ಲುಗಳನ್ನು ಎಣಿಸುವುದು ನನಗೊಂದು ಆಟ. ಏಳು ಅಕ್ಕಯ್ಯಮ್ಮಂದಿರು ಅನ್ನುತ್ತಾರೆ, ಎಣಿಸಿದರೆ ಮೂವತ್ತರ ಮೇಲೆ. ಒಂದು ಸಲ ಇದ್ದಷ್ಟು ಇನ್ನೊಂದು ಸಲ ಇರುತ್ತಿರಲಿಲ್ಲ. ದೊಡ್ಡವು ಏಳು ಎದ್ದು ಕಾಣುತ್ತಿದ್ದವು. ಮಿಕ್ಕವು ಚಿಕ್ಕವು, ಹುಲ್ಲಿನೊಳಗೆ, ಕೆಸರಿನೊಳಗೆ. ಒಂದು ದಿನ ಜೋರಾಗಿ ಎಣಿಸುತ್ತಿದ್ದಾಗ ಅಜ್ಜಿ ಬಂದು ಬೆನ್ನಿಗೆ ಏಟು ಕೊಟ್ಟಳು. ‘ಎಣಿಸ್ಬಾರ್ದು,’ ಅಂದಳು, ಯಾಕೆಂದು ಹೇಳಲಿಲ್ಲ. ಸೊಪ್ಪು ಕೊಯ್ಯಲು ಬಂದ ಹೆಂಗಸರು ಹೋಗುವ ಮುಂಚೆ ಒಂದೊಂದು ಚಿಕ್ಕ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದುದು ನೆನಪಿದೆ. ಒಬ್ಬೊಬ್ಬರು ಒಂದೊಂದನ್ನು. ಪಾತ್ರೆ ಅಂಗಡಿಯಲ್ಲಿ ಹೆಂಗಸರು ತಮಗೆ ಬೇಕಾದ್ದನ್ನು ಮುಟ್ಟಿ ನೋಡುವ ಹಾಗೆ ಇದೂ ಇರಬೇಕು ಎಂದುಕೊಂಡಿದ್ದೆ.

ನಾನು ಕೆಲಸ ಮಾಡುವ ಕಂಪನಿ ಟೆಕ್ ಪಾರ್ಕಿನಲ್ಲಿದೆ. ಆಡಳಿತ ವಿಭಾಗದಲ್ಲಿ ಕ್ಯಾಬು, ಕ್ಯಾಂಟೀನು, ಎಸಿ ರಿಪೇರಿ ನೋಡಿಕೊಳ್ಳುವುದು ನನ್ನ ಕೆಲಸ. ಮದುವೆಗೆ ಮುಂಚೆ, ಕಂಪನಿಯವರು ಆ ಜೌಗನ್ನು ಅಭಿವೃದ್ಧಿ ಮಾಡಲು ದುಡ್ಡು ಕೊಟ್ಟರು. ತಪ್ಪು ಹೇಳಬಾರದು, ಒಳ್ಳೆಯದೇ ಮಾಡಿದರು. ಕಟ್ಟಡದ ಕಸ ಸುರಿಯುವುದು ನಿಂತಿತು, ಕೊಳಚೆ ನೀರು ಸೇರುವುದು ನಿಂತಿತು, ಹಕ್ಕಿಗಳು ಬಂದವು. ನಾನು ಊರಿನವಳು, ಕನ್ನಡದವಳು ಎಂದು ಕಂಟ್ರಾಕ್ಟರ್ ಜೊತೆ ಮಾತಾಡುವ ಕೆಲಸ ನನಗೇ ಬಂತು. ನನಗೂ ಹೆಮ್ಮೆ. ನಮ್ಮೂರಿನ ನೀರಿಗೆ ನನ್ನ ಕೈಯಿಂದ ಒಳ್ಳೆಯದಾಗುತ್ತಿದೆ ಎಂದು ಮನೆಯಲ್ಲಿ ಎರಡು ಸಲ ಹೇಳಿಕೊಂಡಿದ್ದೆ.

ಒಂದು ದಿನ ಸೂಪರ್‌ವೈಸರ್ ಟೇಪು ಹಿಡಿದು ಒರತೆಯ ದಂಡೆಯಲ್ಲಿ ನಿಂತಿದ್ದ. ‘ಮೇಡಂ, ದೇವ್ರ ಕಲ್ಲು ಎಷ್ಟು ಅಂತ ಹೇಳ್ಬಿಡಿ. ಗ್ರಾನೈಟ್ ಕಟ್ಟೆ ಕಟ್ಟಿ ಸಾಲಾಗಿ ಕೂರಿಸ್ಬಿಡ್ತೀವಿ.’

‘ಏಳು,’ ಅಂದೆ.

‘ಇಲ್ಲಿ ತುಂಬಾ ಇದ್ಯಲ್ಲ ಮೇಡಂ?’

ಆಗ ನನ್ನ ಕೈಯಲ್ಲಿ ಫೋನು, ಫೋನಿನಲ್ಲಿ ಕುಂದಲಹಳ್ಳಿ ಗೇಟಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡ ಕ್ಯಾಬಿನವನು. ‘ಅಕ್ಕಯ್ಯಮ್ಮಂದಿರು ಏಳೇ ಜನ,’ ಅಂದೆ. ‘ಉಳಿದವು ಬರೀ ಕಲ್ಲು.’

ಅಷ್ಟೇ ಆಗಿದ್ದು. ಕೆಲಸ ಮುಗಿದ ಮೇಲೆ ಫಲಕ ಹಾಕಿದರು. ಏಳು ಜಲದೇವತೆಯರ ಪುರಾತನ ಸ್ಥಳ ಎಂದು ಕನ್ನಡದಲ್ಲಿ ಬರೆದುಕೊಟ್ಟವಳೂ ನಾನೇ. ನೀರಿಗೆ ಪೂಜಾ ಸಾಮಗ್ರಿ ಹಾಕಬಾರದು ಎಂಬ ಇನ್ನೊಂದು ಫಲಕವೂ ನನ್ನದೇ. ಮೇಲಿನವರು ಮೆಚ್ಚಿ ಎಲ್ಲರಿಗೂ ಮೇಲ್ ಕಳಿಸಿದ್ದರು. ಬೇಲಿ ಬಂದ ಮೇಲೆ ಊರಿನ ಹೆಂಗಸರು ಅಲ್ಲಿಗೆ ಹೋಗುವುದು ಕಡಿಮೆಯಾಯಿತು. ಸೊಪ್ಪು ಕೊಯ್ಯಬಾರದಲ್ಲ. ಅಜ್ಜಿಗೂ ಮಂಡಿ ಕೈಕೊಟ್ಟಿತ್ತು. ಬೇಲಿ ಬಂದ ಮೇಲೆ ಅವಳು ಒಂದು ಸಲವೂ ಅಲ್ಲಿಗೆ ಹೋಗಿರಲಿಲ್ಲ.

ಅವತ್ತು ಬೆಳಿಗ್ಗೆಯೇ ಅಡುಗೆಮನೆಯಲ್ಲಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಸಂಜೆ ಆಟೋದಲ್ಲಿ ಹೇಳಬಹುದಿತ್ತು. ಹಿತ್ತಲಿನಿಂದ ಹೋಗುತ್ತಿದ್ದ ಕಾಲುದಾರಿಗೆ ಈಗ ಟೆಕ್ ಪಾರ್ಕಿನ ಗೋಡೆ ಅಡ್ಡ. ಸುತ್ತಿ ಬಳಸಿ ಹೋಗಲು ಕಾಲು ಗಂಟೆ. ಆ ಕಾಲು ಗಂಟೆಯೂ ಅಜ್ಜಿ ಕಲ್ಲನ್ನು ಮಡಿಲಲ್ಲಿ ಇಟ್ಟುಕೊಂಡು, ಆಟೋ ಹಂಪಿನ ಮೇಲೆ ಹಾರಿದಾಗಲೆಲ್ಲ ಕೈ ಅಡ್ಡ ಹಿಡಿಯುತ್ತಿದ್ದಳು. ನಾನು ಹೊರಗೆ ನೋಡುತ್ತಿದ್ದೆ. ಅಪಾರ್ಟ್‌ಮೆಂಟು, ಪಿಜಿ, ಮೊಟ್ಟೆ ಗಾಡಿ, ಮತ್ತೆ ಪಿಜಿ. ಹೇಳಬೇಕು ಎಂದು ಗೊತ್ತಿತ್ತು. ಬಾಯಿ ಮಾತ್ರ ನನ್ನದಲ್ಲ ಅನ್ನಿಸುತ್ತಿತ್ತು.

ಗೇಟಿನ ಕಾವಲಿನವರು ಕೊಪ್ಪಳದ ಕಡೆಯವರು, ಐವತ್ತು ದಾಟಿದ ಗಂಡಸು. ರಿಜಿಸ್ಟರ್ ನೋಡಿ ಅಜ್ಜಿಯ ಮಡಿಲು ನೋಡಿದರು.

‘ಅದೇನ್ರಿ ಅದು? ಪೂಜಿ ಸಾಮಾನು ಒಳಗ ಬಿಡಂಗಿಲ್ರಿ. ಅಲ್ಲಿ ಬೋರ್ಡ್ ಹಾಕ್ಯಾರ ನೋಡ್ರಿ.’

ನಾನು ಬರೆದ ಬೋರ್ಡಿನ ಕಡೆ ನಾನು ನೋಡಲಿಲ್ಲ. ಅಜ್ಜಿ ಬಟ್ಟೆಯ ಒಂದು ತುದಿ ಸರಿಸಿ ತೋರಿಸಿದಳು. ಅವರು ಕಲ್ಲನ್ನು ನೋಡಿದರು, ಸುತ್ತಿದ ಬಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. ಏನು ಅರ್ಥವಾಯಿತೋ, ಆಗಲಿಲ್ಲವೋ. ‘ಲಗೂನ ಬರ್ರಿ. ಆರಕ್ಕ ಗೇಟ್ ಹಾಕ್ತೀನಿ,’ ಅಂದರು.

ಸಿಮೆಂಟಿನ ಇಟ್ಟಿಗೆ ಹಾಸಿದ ದಾರಿ, ಎರಡೂ ಕಡೆ ಬಣ್ಣ ಬಳಿದ ಕಲ್ಲಿನ ಅಂಚು, ಒಂದು ಬಿಳಿ ಒಂದು ಕೆಂಪು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರು ಬೀಸು ಹೆಜ್ಜೆ ಹಾಕುತ್ತಿದ್ದರು. ಅಜ್ಜಿ ನನ್ನ ತೋಳು ಹಿಡಿದು ನಡೆದಳು. ಒರತೆಗೆ ಸ್ಟೀಲ್ ಕಂಬಿ ಹಾಕಿದ್ದಾರೆ, ಇಳಿಯಲು ಎರಡು ಮೆಟ್ಟಿಲು ಬಿಟ್ಟಿದ್ದಾರೆ. ನೀರು ಹಾಗೇ ಇತ್ತು. ಮರಳು ಹಾಗೇ ಏಳುತ್ತಾ ಬೀಳುತ್ತಾ ಇತ್ತು. ಎದುರಿಗೆ ಗ್ರಾನೈಟ್ ಕಟ್ಟೆಯ ಮೇಲೆ ಏಳು ಕಲ್ಲುಗಳು ಶಾಲೆಯ ಫೋಟೋಗೆ ನಿಂತ ಹಾಗೆ ಸಾಲಾಗಿ ನಿಂತಿದ್ದವು.

ಎಣಿಸಬಾರದು ಎಂದು ನನಗೆ ಹೊಡೆದಿದ್ದ ಅಜ್ಜಿಯೇ ಬೆರಳು ಚಾಚಿ ಒಂದೊಂದಾಗಿ ಎಣಿಸಿದಳು.

‘ಏಳು,’ ಅಂದಳು. ‘ಮಿಕ್ಕೋರೆಲ್ಲಿ?’

ಹೇಳಿದೆ. ಎಲ್ಲಾ ಹೇಳಿದೆ, ಕ್ಯಾಬಿನವನ ಫೋನಿನ ಸಮೇತ. ‘ನಾನೇ ಅಜ್ಜಿ. ಉಳಿದವು ಬರೀ ಕಲ್ಲು ಅಂದೆ.’ ನನ್ನ ದನಿ ಆಫೀಸಿನಲ್ಲಿ ದೂರು ಬರೆಸಿಕೊಳ್ಳುವಾಗ ಇರುತ್ತದಲ್ಲ, ಹಾಗೇ ಇತ್ತು. ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಅಜ್ಜಿ ಮೆಟ್ಟಿಲ ಮೇಲೆ ಕೂತಳು. ಮಡಿಲಿನ ಕಲ್ಲನ್ನು ಒಂದು ಕೈಯಿಂದ ತಟ್ಟುತ್ತಿದ್ದಳು, ತನಗೇ ಗೊತ್ತಿಲ್ಲದ ಹಾಗೆ.

‘ಅವತ್ತು ಏಟು ಕೊಡೋ ಬದ್ಲು ಬಾಯ್ಬಿಟ್ಟು ಯೋಳ್ಬೇಕಿತ್ತು ನಾನು,’ ಅಂದಳು. ‘ಯೋಳಿದ್ರೆ ನಿಂಗೆ ಇಂಗಾದೀತು ಅಂತ ಬಯ. ಯೋಳ್ದಿದ್ರೂ ಆಯ್ತಲ್ಲ.’

ನಾನು ಅವಳ ಪಕ್ಕ ಕೂತೆ. ಹೊತ್ತಾಯಿತು ಎಂದು ಹೇಳಲು ಬಂದ ಕಾವಲಿನವರನ್ನು ಅಜ್ಜಿಯೇ ಕೇಳಿದಳು, ‘ಇಲ್ಲಿ ಸಣ್ಣ ಸಣ್ಣ ಕಲ್ಲಿದ್ವು ಸಾಮಿ. ಎಲ್ಲಿ ಬಿಸಾಕಿದ್ರು?’

‘ಒಗದಿಲ್ಬೇ,’ ಅಂದರು ಅವರು. ‘ಅಕಾ ನೋಡ್ರಿ, ಹಾದಿ ದಂಡಿಗೆ ಹಚ್ಚ್ಯಾರ. ಈ ಕಡಿದೆಲ್ಲ ಇಲ್ಲೀವ, ಆ ಕಡಿದು ಕ್ವಾರಿಯಿಂದ ತರಿಸ್ಯಾರ. ನಾ ಬಂದಾಗ ಇನ್ನೂ ಕೆಲಸ ನಡದಿತ್ತು.’

ನಾವು ನಡೆದುಕೊಂಡು ಬಂದ ದಾರಿ. ಬಿಳಿ, ಕೆಂಪು, ಬಿಳಿ, ಕೆಂಪು. ಎರಡು ವರ್ಷದಿಂದ ನಾನು ರಿಜಿಸ್ಟರ್ ಇಲ್ಲದ ಆಫೀಸಿನ ಕಡೆಯ ಗೇಟಿನಿಂದ ಬಂದು ಎಷ್ಟೋ ಸಂಜೆ ಅಲ್ಲಿ ನಡೆದಿದ್ದೇನೆ. ಗರ್ಭಿಣಿಯಾಗಿದ್ದಾಗ ಡಾಕ್ಟರ್ ನಡೆಯಲು ಹೇಳಿದರು ಎಂದು ದಿನಾ ನಡೆದಿದ್ದೇನೆ. ಸುಸ್ತಾದಾಗ ಒಂದು ಕಲ್ಲಿನ ಮೇಲೆ ಕಾಲಿಟ್ಟು ಶೂ ದಾರ ಕಟ್ಟಿಕೊಂಡಿದ್ದೇನೆ.

ಅಜ್ಜಿ ಎದ್ದಳು. ಅಂಚಿನ ಮೊದಲನೇ ಕಲ್ಲಿನ ಮುಂದೆ ಬಗ್ಗಿ ಹೆಬ್ಬೆಟ್ಟಿನಿಂದ ಸವರಿದಳು. ಎರಡನೆಯದು. ಮೂರನೆಯದು. ಮಂಡಿ ಬಗ್ಗುವುದಿಲ್ಲ, ಸೊಂಟ ಬಗ್ಗಿಸಿ ಬಗ್ಗಿಸಿ ಏಳಬೇಕು. ನಾನು ಒಂದು ತೋಳು ಹಿಡಿದುಕೊಂಡೆ. ಬಣ್ಣ ದಪ್ಪಗೆ, ಪದರ ಪದರವಾಗಿ ಕೂತಿತ್ತು. ಗುಳಿ ಇದ್ದರೂ ಮುಚ್ಚಿಹೋಗಿರುತ್ತದೆ ಎಂದು ನನಗೆ ಗೊತ್ತಾಗುತ್ತಿತ್ತು, ಅವಳಿಗೂ ಗೊತ್ತಾಗುತ್ತಿತ್ತು. ನಡೆಯುವವರು ನಮ್ಮನ್ನು ಬಳಸಿಕೊಂಡು ಹೋದರು. ಒಬ್ಬಾಕೆ ನಿಂತು, ‘ಏನಾದ್ರೂ ಕಳ್ಕೊಂಡ್ರಾ ಆಂಟಿ?’ ಎಂದು ಕೇಳಿದಳು. ಅಜ್ಜಿ, ‘ಊಂ ಕಣವ್ವ,’ ಅಂದು ಮುಂದಿನ ಕಲ್ಲಿಗೆ ಕೈ ಹಾಕಿದಳು.

ಅರ್ಧ ದಾರಿಗೆ ಬಂದಾಗ ಒಂದು ಬಿಳಿ ಕಲ್ಲಿನ ಮೇಲೆ ಅವಳ ಹೆಬ್ಬೆಟ್ಟು ನಿಂತಿತು. ಅಲ್ಲೇ ಒತ್ತಿ ಹಿಡಿದಳು. ‘ಇದೇಯ,’ ಅಂದಳು.

ನಾನು ಮುಟ್ಟಿ ನೋಡಿದೆ. ನನಗೆ ಯಾವ ಗುಳಿಯೂ ಸಿಗಲಿಲ್ಲ. ಅವಳಿಗೂ ಸಿಕ್ಕಿರಲಿಲ್ಲ ಅನ್ನಿಸುತ್ತದೆ. ಅದರ ಪಕ್ಕದ ಕಲ್ಲು ಕಿತ್ತುಹೋಗಿ ಅಲ್ಲಿ ಒಂದು ಹಲ್ಲು ಬಿದ್ದಷ್ಟು ಜಾಗ ಖಾಲಿ ಇತ್ತು. ಅವಳಿಗೆ ಬೇಕಾಗಿದ್ದು ಆ ಖಾಲಿ ಜಾಗ. ತನ್ನ ಮಗುವನ್ನು ಹುಡುಕುವುದನ್ನು ನನ್ನ ಮಗುವಿಗೋಸ್ಕರ ಅಲ್ಲಿಗೆ ನಿಲ್ಲಿಸಿಬಿಟ್ಟಳು. ಅದು ನನಗೆ ಅರ್ಥವಾಯಿತು. ನಾನೂ, ‘ಹೂಂ ಅಜ್ಜಿ, ಇದೇ,’ ಅಂದೆ.

ಸೆರಗಿನಡಿ ಮುಚ್ಚಿ ತಂದಿದ್ದ ತಂಬಿಗೆ ಕೊಟ್ಟು ಒರತೆಯ ನೀರು ತರಿಸಿದಳು. ನಾನು ನೀರು ಮುಟ್ಟಬಾರದಿತ್ತು, ಇನ್ನೂ ಪೂಜೆ ಆಗಿರಲಿಲ್ಲ. ಅದು ಇಬ್ಬರಿಗೂ ನೆನಪಾಗಲಿಲ್ಲ. ಅಜ್ಜಿ ವಾಕಿಂಗ್ ದಾರಿಯ ಮೇಲೇ ಕೂತು, ಸೀರೆ ಮಂಡಿಯವರೆಗೆ ಎತ್ತಿ, ಎರಡೂ ಕಾಲು ಮುಂದಕ್ಕೆ ಚಾಚಿದಳು. ಕೂಸುಗಳಿಗೆ ನೀರು ಹಾಕುವವರು ಕೂರುವ ಹಾಗೆ. ನೋಯುವ ಮಂಡಿ ಹೇಗೆ ನೆಟ್ಟಗಾಯಿತೋ. ಬಟ್ಟೆ ಬಿಚ್ಚಿ ಕಲ್ಲನ್ನು ಎರಡು ಕಾಲುಗಳ ನಡುವಿನ ತಗ್ಗಿನಲ್ಲಿ ಮಲಗಿಸಿದಳು. ಅಂಗೈ ಅಡ್ಡ ಹಿಡಿದು, ಕಣ್ಣಿಗೆ ನೀರು ಹೋಗದ ಹಾಗೆ, ಮೊದಲು ಹಿಂದಕ್ಕೆ ಸುರಿದಳು. ಸೆರಗಿನ ಗಂಟು ಬಿಚ್ಚಿ ಅರಿಶಿನ ಹಚ್ಚಿದಳು. ಬೆನ್ನು ಉಜ್ಜಿದಳು. ನೂರಾರು ಮಕ್ಕಳಿಗೆ ನೀರು ಹಾಕಿದ ಕೈ ಅದು. ತಾನಾಗಿ ಕೆಲಸ ಮಾಡುತ್ತಿತ್ತು. ತಲೆಯನ್ನು ದುಂಡಗೆ ಒತ್ತಿದಳು. ಎರಡು ಬೆರಳಿನಲ್ಲಿ ಮೂಗು ತೀಡಿದಳು.

ಮೂಗು ಇರಲಿಲ್ಲ. ಅದು ಕಲ್ಲು. ಆದರೂ ತೀಡಿದಳು, ಒಂದು ಸಲ, ಎರಡು ಸಲ. ಆಗ ನನಗೆ ‘ಆಮೇಲೆ’ ಅಂದದ್ದು ನೆನಪಾಯಿತು. ನನ್ನ ಮಗಳ ಮೂಗು ಹೇಗಿತ್ತು ಎಂದು ನನಗೆ ಗೊತ್ತಿಲ್ಲ.

ಒರೆಸಿ, ಸುತ್ತಿ, ‘ತಗಾ,’ ಎಂದು ಕೊಟ್ಟಳು. ನಾನು ಕಲ್ಲನ್ನು ಈಸಿಕೊಂಡೆ. ನನ್ನ ಎಡಗೈ ತಾನೇ ಹೋಗಿ ಅದರ ತಲೆಯ ಕೆಳಗೆ ಆನಿಸಿ ಹಿಡಿಯಿತು. ಯಾರೂ ಕಲಿಸಿರಲಿಲ್ಲ. ಎಷ್ಟು ಹೊತ್ತು ಹಿಡಿದಿದ್ದೆನೋ ಗೊತ್ತಿಲ್ಲ. ಕಾವಲಿನವರು ಸೀಟಿ ಊದಿದರು, ನಮ್ಮ ಕಡೆ ನೋಡಿ ಮತ್ತೆ ಊದಲಿಲ್ಲ. ಆಮೇಲೆ ಆ ಖಾಲಿ ಜಾಗದಲ್ಲಿ ಮಣ್ಣು ಕೆದಕಿ ಇಟ್ಟೆ. ಸರಿಯಾಗಿ ಕೂತಿತು. ಅಜ್ಜಿ, ‘ಇನ್ನು ನೀರು ಮುಟ್ಟು,’ ಅಂದಳು. ಇಡೀ ತಂಬಿಗೆ ನೀರು ನಾನೇ ತಂದದ್ದು ಎಂದು ಆಗ ಇಬ್ಬರಿಗೂ ನೆನಪಾಯಿತು. ‘ಇರ್ಲಿ ಬುಡು, ಅವ್ರೇನು ಕ್ವಾಪ ಮಾಡ್ಕಳಕಿಲ್ಲ,’ ಅಂದಳು.

ಅವತ್ತು ಅತ್ತೆನೇ ಎಂದು ಕೇಳಬೇಡಿ. ಅಳಲಿಲ್ಲ. ಮನೆಗೆ ಬಂದು ನೀರಿನ ಕ್ಯಾನ್ ಎತ್ತಿ ಸ್ಟ್ಯಾಂಡಿನ ಮೇಲೆ ಇಟ್ಟೆ. ಅಮ್ಮ ಬಾಯಿ ತೆರೆದಳು, ಅಜ್ಜಿಯ ಮುಖ ನೋಡಿ ಮುಚ್ಚಿದಳು. ನನ್ನ ಗಂಡ ಬೊಮ್ಮಸಂದ್ರದ ಔಷಧಿ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ, ಆ ವಾರವೆಲ್ಲ ಮಾಡುತ್ತಿದ್ದಂತೆ ನನ್ನನ್ನು ನೋಡಿ ಹೋಗಲು ಬಂದರು. ಬಾಗಿಲಲ್ಲಿ ಕೂತು ಶೂ ಬಿಚ್ಚುತ್ತಿದ್ದರು. ‘ಅವಳ ಮೂಗು ಹೇಗಿತ್ತು?’ ಎಂದು ಕೇಳಿದೆ. ಮೂರು ತಿಂಗಳಲ್ಲಿ ನಾನು ಅವಳ ಬಗ್ಗೆ ಕೇಳಿದ ಮೊದಲ ಮಾತು.

ಅವರು ಶೂ ದಾರ ಬಿಟ್ಟು ತಲೆ ಎತ್ತಿದರು. ‘ನಿಮ್ಮಜ್ಜಿ ಮೂಗು,’ ಅಂದರು. ‘ನೋಡಿದ ತಕ್ಷಣ ಹಾಗೇ ಅನ್ನಿಸ್ತು.’

ಕಲ್ಲುಗಳನ್ನು ಮತ್ತೆ ಒರತೆಯ ದಂಡೆಗೆ ತರಬೇಕೆಂದು ಆಫೀಸಿನಲ್ಲಿ ಮೇಲ್ ಬರೆದೆ. ಕಾರಣ ಬರೆಯಲಾಗಲಿಲ್ಲ, ಹೆಂಗಸರು ಇಷ್ಟು ಕಾಲ ಬಾಯಿ ಕಟ್ಟಿ ಇಟ್ಟದ್ದನ್ನು ನಾನು ಮೇಲ್‌ನಲ್ಲಿ ಬರೆಯಲಾರೆ. ಕಾರಣವಿಲ್ಲದ ಮೇಲ್‌ಗೆ ಉತ್ತರವೂ ಬರಲಿಲ್ಲ. ಅಮ್ಮನಿಗೆ ಮಾತ್ರ ಹೇಳಿದೆ, ಬಾಗಿಲು ತೆರೆದಿಟ್ಟುಕೊಂಡು.

ಒಂದು ತಿಂಗಳು ಬಿಟ್ಟು ಹೋದಾಗ ಬಣ್ಣ ಬಳಿಯುವವನು ಅಲ್ಲಿ ಕೂತು ಕೆಲಸ ಮಾಡುತ್ತಿದ್ದ. ಆ ಒಂದನ್ನು ಬಿಟ್ಟುಬಿಡಪ್ಪ ಎಂದು ಕೇಳೋಣ ಅಂದುಕೊಂಡೆ. ಎರಡು ಬಿಳಿಯ ನಡುವೆ ಇದ್ದದ್ದರಿಂದ ನನ್ನದಕ್ಕೆ ಕೆಂಪು ಬಂತು. ಅದು ಚೆನ್ನಾಗಿಯೇ ಒಪ್ಪುತ್ತಿತ್ತು, ಸುಮ್ಮನಾದೆ.

ಈಗ ಭಾನುವಾರಗಳಂದು ಹೋಗುತ್ತೇನೆ. ಮಂಡಿ ಸರಿ ಇದ್ದರೆ ಅಜ್ಜಿಯೂ ಬಂದು ಬಿಳಿಯದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ಸುಮಾರು ದಿನ ರಿಜಿಸ್ಟರಿನಲ್ಲಿ ವಾಕಿಂಗ್ ಎಂದೇ ಬರೆಯುತ್ತಿದ್ದೆ. ಹೋದ ವಾರ ಉದ್ದೇಶದ ಜಾಗದಲ್ಲಿ ‘ಮಗಳನ್ನು ನೋಡಲು’ ಎಂದು ಬರೆದೆ. ಕಾವಲಿನವರು ಪುಸ್ತಕ ತಿರುಗಿಸಿಕೊಂಡು ಓದಿದರು. ನನ್ನ ಹಿಂದೆ ಯಾರೂ ಇರಲಿಲ್ಲ, ಜೊತೆಗೂ ಯಾರೂ ಇರಲಿಲ್ಲ.

‘ಹೋಗಿ ಬರ್ರಿ,’ ಅಂದರು. ‘ಇವತ್ತ ಸ್ವಲ್ಪ ತಡಾ ಆದ್ರೂ ನಡೀತೈತಿ.’